ಬಿಸಿ ಬೇರುಗಳಲ್ಲಿ ಯಾವುದು ಯಾರಿಗೆ: ಆಂಜೆಲಿಕಾ ಮತ್ತು ಅದರ ಜೊತೆಯ ನಾಲ್ಕು ಬೇರುಗಳು

ಯುರೋಪಿನ ಮನೆಮದ್ದಿನಲ್ಲಿ "ಒಳಗೆ ಬಿಸಿ ಕೊಡುವ ಬೇರು" ಅಂತ ಹೆಸರು ಮಾಡಿದ್ದು ಒಂದೆರಡಲ್ಲ. ಆಂಜೆಲಿಕಾ ಇದೆ, ಎಲೆಕ್ಯಾಂಪೇನ್ ಇದೆ, ಹಾರ್ಸ್‌ರ್ಯಾಡಿಶ್, ಲವೇಜ್ ಇವೆ. ಆಲ್ಪ್ಸ್ ಬೆಟ್ಟದ ಕಡೆ ಹೋದರೆ ಮಾಸ್ಟರ್‌ವರ್ಟ್ ಸಿಗುತ್ತದೆ. ಇವುಗಳ ಬಗ್ಗೆ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಬೆಚ್ಚಗಿಡುತ್ತದೆ, ಜೀರ್ಣಕ್ಕೆ ಒಳ್ಳೆಯದು, ಶೀತಕ್ಕೂ ಒಳ್ಳೆಯದು. ಓದಿದವರಿಗೆ ಯಾವುದಾದರೇನು ಅನ್ನಿಸುವುದು ಸಹಜ.

ಹಾಗಲ್ಲ. ಐದೂ ಬಿಸಿಯೇ, ಆದರೆ ಒಂದೊಂದು ಮುಟ್ಟುವ ಜಾಗ ಬೇರೆ. ಒಂದು ಹೊಟ್ಟೆಗೆ, ಒಂದು ಎದೆಗೆ, ಒಂದು ಮೂಗಿಗೆ, ಒಂದು ಮೂತ್ರದ ದಾರಿಗೆ. ನಿಮ್ಮ ತೊಂದರೆ ಎಲ್ಲಿದೆ ಅಂತ ಮೊದಲು ನೋಡಿ. ಆ ಬೇರು ಯಾರಿಗೆ ಆಗಿಬರುವುದಿಲ್ಲ ಅನ್ನುವುದನ್ನು ಆಮೇಲೆ ನೋಡಿ. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಮುಖ್ಯ, ಯಾಕೆಂದರೆ ಅಂಗಡಿಯವರು ಅದನ್ನು ಹೇಳುವುದು ಕಡಿಮೆ.

ಈ "ಬಿಸಿ" ಎಲ್ಲಿಂದ ಬಂತು

ಪಪ್ಪಾಯ ಉಷ್ಣ, ಎಳನೀರು ತಂಪು ಅನ್ನುವ ನಮ್ಮ ಲೆಕ್ಕದ ಥರದ್ದೇ ಒಂದು ಲೆಕ್ಕ ಯುರೋಪಿನಲ್ಲೂ ಇತ್ತು. 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಅದಕ್ಕೆ ಗಟ್ಟಿ ರೂಪ ಕೊಟ್ಟ. ಪ್ರತಿ ಮದ್ದೂ ಬಿಸಿ ಅಥವಾ ತಣ್ಣನೆಯದು, ಒಣ ಅಥವಾ ಒದ್ದೆ. ಒಂದೊಂದಕ್ಕೂ ನಾಲ್ಕು ಮೆಟ್ಟಿಲು. ಆಂಜೆಲಿಕಾ ಬೇರನ್ನು ಬಿಸಿ ಮತ್ತು ಒಣ ಗುಣದ, ಮೇಲಿನ ಮೆಟ್ಟಿಲಿನ ಮದ್ದುಗಳ ಸಾಲಿಗೆ ಹಾಕಿದರು. 17ನೇ ಶತಮಾನದ ಲಂಡನ್ನಿನ ಗಿಡಮೂಲಿಕೆ ಪಂಡಿತ ಕಲ್ಪೆಪರ್ ಇನ್ನೂ ಮುಂದೆ ಹೋಗಿ, ಇದು ಸೂರ್ಯನ ಗಿಡ ಅಂದ.

ಇವತ್ತು ಆ ಮಾತಿಗೆ ಅರ್ಥ ಇಷ್ಟೇ. ಈ ಬೇರುಗಳಲ್ಲಿ ಖಾರದ ಎಣ್ಣೆ ಇದೆ, ಹೆಚ್ಚಿನವುಗಳಲ್ಲಿ ಕಹಿಯೂ ಇದೆ. ಕಹಿ ನಾಲಿಗೆಗೆ ತಾಗಿದರೆ ಜೊಲ್ಲು ಬರುತ್ತದೆ, ಹೊಟ್ಟೆಯ ರಸ ಜಾಸ್ತಿಯಾಗುತ್ತದೆ. ಎಣ್ಣೆ ಕರುಳಿನ ಹಿಡಿತ ಸಡಿಲಿಸುತ್ತದೆ. ಒಳಗೆ ಬೆಚ್ಚಗಾದಂತೆ ಅನ್ನಿಸುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರವೇನೂ ಏರಿರುವುದಿಲ್ಲ ಬಿಡಿ.

ಆಂಜೆಲಿಕಾ: ಹೊಟ್ಟೆಯ ಬೇರು

ಗ್ರೀಕರು, ರೋಮನ್ನರು ಹೊಗಳಿದ ಗಿಡಗಳ ಸಾಲಿನಲ್ಲಿ ಇದಿಲ್ಲ. ಇದು ಉತ್ತರದ ಗಿಡ. ನಾರ್ವೆ, ಐಸ್‌ಲ್ಯಾಂಡ್, ಫೇರೋ ದ್ವೀಪ, ಗ್ರೀನ್‌ಲ್ಯಾಂಡ್, ಅಂದರೆ ತರಕಾರಿಯೇ ಅಪರೂಪವಾದ ಊರುಗಳದ್ದು. ಅಲ್ಲಿ ಇದು ಮೊದಲು ಊಟ, ಆಮೇಲೆ ಮದ್ದು. ನಾರ್ವೆಯ ಹಳೆಯ ಗುಲಾಟಿಂಗ್ ಕಾನೂನಿನಲ್ಲಿ ಬೇರೆಯವರ ಆಂಜೆಲಿಕಾ ತೋಟಕ್ಕೆ ಕೈ ಹಾಕಿದವನಿಗೆ ಶಿಕ್ಷೆಯಿತ್ತು. ವಾಸ್ ಎಂಬ ಊರಿನವರು ದಂಟು ಪೊಳ್ಳಾಗಿರದೆ ಒಳಗೆ ತುಂಬಿಕೊಂಡಿರುವ ತಳಿಯನ್ನೇ ಆರಿಸಿ ಬೆಳೆಸಿದರು. ಅದೇ ಉತ್ತರದ ಮೂಲನಿವಾಸಿಗಳಾದ ಸಾಮಿ ಜನ ಎಳೆ ದಂಟಿನ ಸಿಪ್ಪೆ ಸುಲಿದು ಹಸಿಯಾಗಿಯೇ ತಿನ್ನುತ್ತಿದ್ದರು, ಹಿಮಸಾರಂಗದ ಹಾಲಿಗೂ ಸೇರಿಸುತ್ತಿದ್ದರು. 1732ರಲ್ಲಿ ಲಾಪ್‌ಲ್ಯಾಂಡ್ ಸುತ್ತಿದ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನೆಲ್ಲ ಕಂಡು ಬರೆದಿಟ್ಟ.

ದಕ್ಷಿಣಕ್ಕೆ ಬಂದ ಮೇಲೆ ಕಥೆ ಬದಲಾಯಿತು. ಪ್ಲೇಗಿಗೆ ಇದೇ ಮದ್ದು ಅಂತ ಒಬ್ಬ ಸನ್ಯಾಸಿಗೆ ದೇವದೂತ ಕನಸಿನಲ್ಲಿ ತೋರಿಸಿದನಂತೆ. ಆರ್ಕ್‌ಆಂಜೆಲಿಕಾ ಅನ್ನುವ ಹೆಸರಿನ ಹಿಂದೆ ಈ ಕಥೆಯಿದೆ. 1665ರಲ್ಲಿ ಲಂಡನ್ನಿಗೆ ಪ್ಲೇಗ್ ಬಂದಾಗ ಜನ ಬೇರಿನ ಚೂರು ಬಾಯಲ್ಲಿಟ್ಟು ಅಗಿಯುತ್ತಾ ಓಡಾಡುತ್ತಿದ್ದರು. ಪ್ಲೇಗ್ ಹರಡುವುದು ಬ್ಯಾಕ್ಟೀರಿಯಾದಿಂದ, ಚಿಗಟದಿಂದ. ಬೇರು ಅದಕ್ಕೇನು ಮಾಡೀತು? "ಪ್ಲೇಗನ್ನೇ ಓಡಿಸಿದ ಬೇರು" ಅಂತ ಈಗಲೂ ಮಾರುವವರಿದ್ದಾರೆ. ಅಂಥ ಮಾತು ಕಂಡ ಅಂಗಡಿಯನ್ನು ಬಿಟ್ಟುಬಿಡಿ.

ಹೊಟ್ಟೆಯ ವಿಚಾರಕ್ಕೆ ಮಾತ್ರ ಇದಕ್ಕೆ ಒಳ್ಳೆಯ ಹೆಸರಿದೆ. ಹಳೆಯ ಗಿಡಮೂಲಿಕೆಗಳನ್ನು ಪರಿಶೀಲಿಸಲು ಜರ್ಮನ್ ಸರ್ಕಾರ 1978ರಲ್ಲಿ "ಕಮಿಷನ್ ಇ" ಎಂಬ ತಜ್ಞರ ಸಮಿತಿ ಮಾಡಿತು. ಹಸಿವಾಗದಿರುವುದು, ಹೊಟ್ಟೆ ಉಬ್ಬರ, ಗ್ಯಾಸು, ಸಣ್ಣ ಹಿಡಿತ, ಇಷ್ಟಕ್ಕೆ ಆಂಜೆಲಿಕಾ ಬೇರನ್ನು ಆ ಸಮಿತಿ ಒಪ್ಪಿತು. ದಿನಕ್ಕೆ 4.5 ಗ್ರಾಂ ಒಣ ಬೇರು ಅನ್ನುವುದು ಅದರ ಅಳತೆ. ಒಂದು ಚಮಚ, ಅಂದರೆ ಸುಮಾರು 1.5 ಗ್ರಾಂ ಬೇರಿನ ಚೂರಿಗೆ ಒಂದು ಕಪ್ ಕುದಿಯುವ ನೀರು. ಮುಚ್ಚಿಟ್ಟು ಹತ್ತು ನಿಮಿಷ. ಊಟಕ್ಕೆ ಅರ್ಧ ಗಂಟೆ ಮುಂಚೆ, ದಿನಕ್ಕೆ ಮೂರು ಸಲ. ಮುಚ್ಚಳ ಮರೆಯಬೇಡಿ, ಬೇಕಾದ ಎಣ್ಣೆ ಆವಿಯ ಜೊತೆ ಹೋಗಿಬಿಡುತ್ತದೆ. ಸಕ್ಕರೆ ಹಾಕಬೇಡಿ ಅಂತ ಹಳಬರು ಹೇಳುವುದಕ್ಕೂ ಕಾರಣವಿದೆ. ಕಹಿ ಬಾಯಿಗೆ ತಿಳಿಯಬೇಕು. ರುಚಿ ಮೊದಲು ಸಿಹಿ, ಆಮೇಲೆ ಕಹಿ, ಕೊನೆಗೆ ನಾಲಿಗೆಯ ತುದಿಯಲ್ಲಿ ಸಣ್ಣಗೆ ಖಾರ. ವಾಸನೆ ಕಸ್ತೂರಿಯ ಕಡೆ ವಾಲುತ್ತದೆ. ಜಿನ್ ಕುಡಿದವರಿಗೆ ಆ ವಾಸನೆ ಗುರುತು ಸಿಕ್ಕೇ ಸಿಗುತ್ತದೆ, ಯಾಕೆಂದರೆ ಜೂನಿಪರ್ ಕಾಯಿ, ಕೊತ್ತಂಬರಿ ಬೀಜದ ನಂತರ ಜಿನ್ನಿಗೆ ಹಾಕುವ ಮುಖ್ಯ ಸಾಮಾನು ಇದೇ ಬೇರು.

ಪುರಾವೆ ಎಷ್ಟು ಗಟ್ಟಿ? ಮೆತ್ತಗೇ ಇದೆ ಅನ್ನಬೇಕು. ಜರ್ಮನಿಯ ಪ್ರಸಿದ್ಧ ಹೊಟ್ಟೆ ಡ್ರಾಪ್ಸ್ ಇಬೆರೋಗಾಸ್ಟ್‌ನಲ್ಲಿ ಈ ಬೇರಿದೆ, ಅದರ ಮೇಲೆ ಪ್ರಯೋಗಗಳೂ ನಡೆದಿವೆ. ಆದರೆ ಅದು ಒಂಬತ್ತು ಗಿಡಗಳ ಮಿಶ್ರಣ. ಗುಣ ಕಂಡರೆ ಅದು ಯಾವ ಗಿಡದ್ದು ಅಂತ ಹೇಳಲು ಬರುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರಿಗೆ ಅಂತ ಮಾರುವ ಆಂಜೆಲಿಕಾ ಮಾತ್ರೆ ಎಲೆಯ ಸಾರದ್ದು, ಬೇರಿನದಲ್ಲ. ಒಂದರ ಮಾತನ್ನು ಇನ್ನೊಂದಕ್ಕೆ ಅಂಟಿಸಬಾರದು.

ಇನ್ನು ಎಚ್ಚರಿಕೆ. ಈ ಬೇರಿನಲ್ಲಿ ಫ್ಯೂರಾನೋಕೌಮರಿನ್ ಅನ್ನುವ ವಸ್ತುಗಳಿವೆ. ಅವು ಚರ್ಮದಲ್ಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪಾಗಬಹುದು, ಗುಳ್ಳೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ನಾರ್ವೆಯ ಚಳಿಗಾಲದಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ರಾಯಚೂರಿನ ಏಪ್ರಿಲ್‌ನಲ್ಲಿ ಸಮಸ್ಯೆಯೇ. ಚಹಾಕ್ಕಿಂತ ಬೇರಿನ ಎಣ್ಣೆಯನ್ನು ಮೈಗೆ ಹಚ್ಚುವುದರಲ್ಲಿ ಅಪಾಯ ಜಾಸ್ತಿ. ಗರ್ಭಿಣಿಯರಿಗೆ ಬೇಡ. ಮುಟ್ಟು ಬರಿಸಲು ಇದನ್ನು ಕೊಡುತ್ತಿದ್ದ ಹಳೆಯ ರೂಢಿಯೇ ಅದಕ್ಕೆ ಕಾರಣ. ಎದೆಯುರಿ, ಅಲ್ಸರ್ ಇದ್ದವರಿಗೂ ಬೇಡ, ಹೊಟ್ಟೆಯ ರಸ ಹೆಚ್ಚಿಸುವ ಬೇರನ್ನು ಅಲ್ಲಿಗೆ ಕಳಿಸುವುದು ಯಾಕೆ?

ಎಲೆಕ್ಯಾಂಪೇನ್: ಎದೆಯ ಕಫಕ್ಕೆ

ಸೂರ್ಯಕಾಂತಿಯ ಕುಟುಂಬದ ಗಿಡ. ಹಳದಿ ಹೂವು, ದಪ್ಪ ಬೇರು. ಜರ್ಮನಿಯ ಅಂಗಡಿಯಲ್ಲಿ ಅಲಾಂಟ್ ಅಂತ ಕೇಳಬೇಕು. ಆಂಜೆಲಿಕಾಗೆ ಇಲ್ಲದ ಹಳೆಯ ಮನೆತನ ಇದಕ್ಕಿದೆ. ಹಳೆಯ ರೋಮಿನ ಲೇಖಕ ಪ್ಲಿನಿ ಇದರ ಬಗ್ಗೆ ಬರೆದಿದ್ದಾನೆ, ರಾಣಿ ಜೂಲಿಯಾ ಅಗಸ್ಟಾ ದಿನಾ ತಿನ್ನುತ್ತಿದ್ದಳು ಅಂತಲೂ ಹೇಳಿದ್ದಾನೆ. ಹಳೆಯ ಕೆಮ್ಮು, ಎಳೆದರೂ ಬಾರದ ಕಫ, ದಮ್ಮು, ಇವಕ್ಕೆ ಯುರೋಪಿನಲ್ಲಿ ಶತಮಾನಗಳಿಂದ ಕೊಡುತ್ತಿದ್ದರು. ಬೇರನ್ನು ಸಕ್ಕರೆಯಲ್ಲಿ ಬೇಯಿಸಿ ಮಿಠಾಯಿ ಮಾಡಿ ಲಂಡನ್ನಿನಲ್ಲಿ ಮಾರುತ್ತಿದ್ದರು.

ಒಂದು ಸಣ್ಣ ವಿಷಯ, ನನಗೆ ಇಷ್ಟವಾದದ್ದು. ಇವತ್ತು ಬಿಸ್ಕತ್ತಿನಿಂದ ಪ್ರೋಟೀನ್ ಪುಡಿಯವರೆಗೆ ಎಲ್ಲದರಲ್ಲೂ ಕಾಣುವ ಇನ್ಯುಲಿನ್ ಎಂಬ ನಾರಿನಂಶವನ್ನು 1804ರಲ್ಲಿ ಮೊದಲು ಬೇರ್ಪಡಿಸಿದ್ದು ಇದೇ ಬೇರಿನಿಂದ. ವ್ಯಾಲೆಂಟಿನ್ ರೋಸ್ ಎಂಬ ಜರ್ಮನ್ ಔಷಧಿ ತಜ್ಞನ ಕೆಲಸ ಅದು. ಗಿಡದ ಇನ್ಯುಲಾ ಅನ್ನುವ ಹೆಸರೇ ಆಮೇಲೆ ಆ ವಸ್ತುವಿಗೂ ಬಂತು.

ಆದರೆ ಕಮಿಷನ್ ಇ ಇದನ್ನು ಒಪ್ಪಲಿಲ್ಲ. ಬೇರಿನಲ್ಲಿರುವ ಅಲಾಂಟೋಲ್ಯಾಕ್ಟೋನ್ ಚರ್ಮಕ್ಕೂ ಬಾಯಿಯ ಒಳಪದರಕ್ಕೂ ಅಲರ್ಜಿ ತರುತ್ತದೆ. ಪ್ರಮಾಣ ಜಾಸ್ತಿಯಾದರೆ ವಾಂತಿ, ಭೇದಿ, ಹೊಟ್ಟೆ ಕಿವುಚುವುದು. ಇಲ್ಲಿ ನಮ್ಮವರು ಇನ್ನೊಂದು ಕಾರಣಕ್ಕೆ ಕಿವಿಗೊಡಬೇಕು. ಕಾಂಗ್ರೆಸ್ ಗಿಡ ಅನ್ನುತ್ತೇವಲ್ಲ, ಆ ಪಾರ್ಥೇನಿಯಂ, ಅದೂ ಇದೇ ಕುಟುಂಬದ್ದು. ಅದರ ಅಲರ್ಜಿಗೆ ಕಾರಣವಾಗುವ ವಸ್ತು ಸಹ ಅಲಾಂಟೋಲ್ಯಾಕ್ಟೋನ್‌ನ ಗುಂಪಿಗೇ ಸೇರಿದ್ದು. ಚರ್ಮದ ವೈದ್ಯರು ಈ ಕುಟುಂಬದ ಅಲರ್ಜಿ ಪರೀಕ್ಷಿಸಲು ಬಳಸುವ ಮಿಶ್ರಣದಲ್ಲೂ ಅಲಾಂಟೋಲ್ಯಾಕ್ಟೋನ್ ಇರುತ್ತದೆ. ಕಾಂಗ್ರೆಸ್ ಗಿಡದಿಂದ ಮುಖ, ಕತ್ತು, ಕೈ ತುರಿಸಿ ದಪ್ಪಗಾಗುವವರು ಎಲೆಕ್ಯಾಂಪೇನ್ ಹತ್ತಿರ ಹೋಗದಿರುವುದೇ ಒಳ್ಳೆಯದು. ಕೆಮ್ಮಿಗೆ ಬೇರೆ ದಾರಿ ಸಾಕಷ್ಟಿದೆ.

ನಮ್ಮ ಆಯುರ್ವೇದದ ಪುಷ್ಕರಮೂಲ ಇದರ ಹತ್ತಿರದ ನೆಂಟ, ಹಿಮಾಲಯದ ಇನ್ಯುಲಾ ರಾಸೆಮೋಸಾ. ಉಸಿರಾಟದ ತೊಂದರೆಗೇ ಅಲ್ಲೂ ಹೆಸರು. ಅಲರ್ಜಿಯ ಮಾತು ಅದಕ್ಕೂ ಸಲ್ಲುತ್ತದೆ.

ಹಾರ್ಸ್‌ರ್ಯಾಡಿಶ್: ಕಟ್ಟಿದ ಮೂಗಿಗೆ

ಸಾಸಿವೆಯ ಕುಟುಂಬ. ಬೇರು ಸುಮ್ನೆ ಇದ್ದಾಗ ವಾಸನೆಯೇ ಇರುವುದಿಲ್ಲ. ತುರಿದ ಕೂಡಲೇ ಒಳಗಿನ ಎರಡು ವಸ್ತು ಸೇರಿ ಖಾರದ ಎಣ್ಣೆ ಹುಟ್ಟುತ್ತದೆ, ಕಣ್ಣಲ್ಲಿ ನೀರು. ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಕೂರುತ್ತದೆ, ಇದು ನೇರ ಮೂಗಿಗೆ ಏರಿ ಅರ್ಧ ನಿಮಿಷದಲ್ಲಿ ಇಳಿದುಹೋಗುತ್ತದೆ. ಬೇಯಿಸಿದರೆ ಖಾರವೂ ಗುಣವೂ ಹೋಯಿತು. ಹಾಗಾಗಿ ಇದರ ಕಷಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿನೆಗರ್ ಹಾಕಿದರೆ ಖಾರ ಇದ್ದಲ್ಲೇ ನಿಲ್ಲುತ್ತದೆ, ಬಾಟಲಿಯಲ್ಲಿ ಬರುವುದು ಹಾಗೆ.

ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಕಡೆ ತುರಿಯನ್ನು ಜೇನಿನಲ್ಲಿ ನೆನೆಸಿಟ್ಟು ಚಮಚದಲ್ಲಿ ಕೊಡುತ್ತಾರೆ. ಶೀತ, ನೆಗಡಿಗೆ, ಮೂತ್ರದ ಸೋಂಕಿನಲ್ಲಿ ಚಿಕಿತ್ಸೆಗೆ ಪೂರಕವಾಗಿ, ಕಮಿಷನ್ ಇ ಇದನ್ನು ಒಪ್ಪಿತ್ತು. ನ್ಯಾಸ್ಟರ್ಶಿಯಂ ಎಲೆಯ ಜೊತೆ ಸೇರಿಸಿದ ಮಾತ್ರೆ ಜರ್ಮನಿಯಲ್ಲಿ ಚೆನ್ನಾಗಿ ಓಡುತ್ತದೆ. ಹೊರಗಿನಿಂದ ಪಟ್ಟು ಹಾಕುವ ರೂಢಿಯೂ ಇದೆ, ಆದರೆ ಕೆಲವು ನಿಮಿಷ ಮೀರಿದರೆ ಚರ್ಮ ಸುಡುತ್ತದೆ. ಅಲ್ಸರ್, ಕಿಡ್ನಿ ತೊಂದರೆ ಇದ್ದವರಿಗೆ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು.

ಐದರಲ್ಲಿ ತಿಂದ ಕೂಡಲೇ ಏನೋ ಆಯಿತು ಅನ್ನಿಸುವುದು ಇದೊಂದೇ. ಹಾಗಂತ ಮೂಗು ಬಿಟ್ಟುಕೊಂಡಂತೆ ಅನ್ನಿಸಿದ್ದನ್ನೇ ಸೋಂಕು ಹೋಯಿತು ಅಂದುಕೊಳ್ಳಬೇಡಿ.

ಲವೇಜ್ ಮತ್ತು ಮಾಸ್ಟರ್‌ವರ್ಟ್

ಲವೇಜ್ ಅಡುಗೆಮನೆಯ ಗಿಡ. ಎಲೆಯ ವಾಸನೆ ಸೂಪಿನ ಮ್ಯಾಗಿ ಸೀಸನಿಂಗ್ ಹಾಗಿರುವುದರಿಂದ ಜರ್ಮನ್ನರು ಮ್ಯಾಗಿ ಗಿಡ ಅಂತಲೇ ಕರೆಯುತ್ತಾರೆ. ಚಕ್ರವರ್ತಿ ಶಾರ್ಲಮೇನ್ ಕಾಲದಲ್ಲಿ ಅರಮನೆ ತೋಟಗಳಲ್ಲಿ ಬೆಳೆಯಬೇಕಾದ ಗಿಡಗಳ ಪಟ್ಟಿಯಲ್ಲೂ ಇದಿದೆ. ಬೇರಿನ ಕೆಲಸ ಮೂತ್ರ ಜಾಸ್ತಿ ಮಾಡುವುದು. ಉರಿಮೂತ್ರದ ಆರಂಭದಲ್ಲಿ, ಸಣ್ಣ ಹರಳಿನ ತೊಂದರೆಯಲ್ಲಿ ದಿನಕ್ಕೆ 4ರಿಂದ 8 ಗ್ರಾಂ ಬೇರಿನ ಚಹಾ ಕುಡಿದು, ಜೊತೆಗೆ ಧಾರಾಳವಾಗಿ ನೀರು ಕುಡಿಯುವುದು ರೂಢಿ. ನನ್ನ ಅನುಮಾನ, ಅರ್ಧ ಕೆಲಸ ಆ ನೀರಿನದೇ. ಕಿಡ್ನಿ ಕೆಟ್ಟು ಅಥವಾ ಹೃದಯ ಸೋತು ಕಾಲು ಬಾತಿದ್ದರೆ ಇದು ಖಂಡಿತ ಬೇಡ. ಜ್ವರ, ಬೆನ್ನುನೋವು, ಮೂತ್ರದಲ್ಲಿ ರಕ್ತ ಇದ್ದರೆ ಬೇರು ಹುಡುಕುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಬಿಸಿಲಿನ ಎಚ್ಚರಿಕೆ ಆಂಜೆಲಿಕಾದಂತೆ ಇದಕ್ಕೂ ಇದೆ.

ಮಾಸ್ಟರ್‌ವರ್ಟ್ ಹೆಸರು ಮಾಡಿದ್ದು ಮುಖ್ಯವಾಗಿ ಆಲ್ಪ್ಸ್ ಕಡೆಯೇ. ಟಿರೋಲ್, ಸ್ವಿಟ್ಜರ್ಲೆಂಡಿನ ದನಗಾಹಿಗಳು ಹಲ್ಲುನೋವಿಗೆ ಬೇರು ಅಗಿಯುತ್ತಿದ್ದರು, ದನಕ್ಕೂ ಕೊಡುತ್ತಿದ್ದರು, ಕ್ರಿಸ್ಮಸ್ ಆಸುಪಾಸಿನ ರಾತ್ರಿಗಳಲ್ಲಿ ಮನೆಗೆ, ಕೊಟ್ಟಿಗೆಗೆ ಧೂಪ ಹಾಕುತ್ತಿದ್ದರು. ಗುಣದಲ್ಲಿ ಆಂಜೆಲಿಕಾಗೆ ಹತ್ತಿರ, ಖಾರ ಇನ್ನೂ ಜಾಸ್ತಿ. ಆಂಜೆಲಿಕಾ ಸಿಗುವ ಕಡೆ ಇದನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಪ್ರವಾಸ ಹೋದಾಗ ಅಲ್ಲಿನ ಬೇರಿನ ಮದ್ಯ ಶ್ನಾಪ್ಸ್ ಸಿಕ್ಕರೆ, ಅದು ಬೇರೆ ಮಾತು.

ಹೆಸರು ಒಂದೇ, ಬೇರು ಬೇರೆ

ಆಂಜೆಲಿಕಾ ಕೊಳ್ಳುವಾಗ ಜನ ಎಡವುವುದು ಇಲ್ಲೇ ಜಾಸ್ತಿ. ಬರೀ "ಆಂಜೆಲಿಕಾ ರೂಟ್" ಅಂತ ಬರೆದ ಡಬ್ಬಿಯಲ್ಲಿ ಚೀನಾದ ಡಾಂಗ್ ಕ್ವಾಯ್ ಇರಬಹುದು. ಅದು ಆಂಜೆಲಿಕಾ ಸೈನೆನ್ಸಿಸ್. ಅಲ್ಲಿನ ಪದ್ಧತಿಯಲ್ಲಿ ಹೆಂಗಸರ ಮುಟ್ಟಿನ ತೊಂದರೆಗೆ ಕೊಡುತ್ತಾರೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಸೇವಿಸಿದಾಗ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಜಾಸ್ತಿಯಾದ ವರದಿಯಿದೆ. ಅಂಥ ಮಾತ್ರೆ ನುಂಗುವವರು ಯುರೋಪಿನದ್ದನ್ನೂ ಡಾಕ್ಟರನ್ನು ಕೇಳದೆ ಮುಟ್ಟದಿರುವುದು ಕ್ಷೇಮ. ಉತ್ತರಾಖಂಡದ ಕುಮಾವೂಂ ಕಡೆಯ ಗಂದ್ರಾಯಣ್ ಮೂರನೆಯದು, ಆಂಜೆಲಿಕಾ ಗ್ಲಾಕಾ. ಬೇಳೆಸಾರಿನ ಒಗ್ಗರಣೆಗೆ ಹಾಕುತ್ತಾರೆ. ಕಾಡಿನಿಂದ ಕಿತ್ತು ಕಿತ್ತು ಅಳಿವಿನಂಚಿಗೆ ಬಂದಿರುವ ಗಿಡ, ಹಾಗಾಗಿ ಬೆಳೆಸಿದ್ದು ಅಂತ ಖಾತ್ರಿಯಿಲ್ಲದೆ ಕೊಳ್ಳಬೇಡಿ. ಡಬ್ಬಿಯ ಮೇಲೆ ಆರ್ಕ್‌ಆಂಜೆಲಿಕಾ ಅನ್ನುವ ಪೂರ್ತಿ ಹೆಸರಿದ್ದರೆ ಮಾತ್ರ ಅದು ಯುರೋಪಿನದ್ದು.

ಯುರೋಪಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಹೊಳೆ ದಂಡೆಗೆ ವಾಕಿಂಗ್ ಹೋದಾಗ ಕೊಡೆಯಂಥ ಬಿಳಿ ಹೂವಿನ ಎತ್ತರದ ಗಿಡ ಕಂಡರೆ ಆಂಜೆಲಿಕಾ ಇರಬೇಕು ಅಂತ ಅಗೆಯಬೇಡಿ. ಅದೇ ಕುಟುಂಬದ ವಾಟರ್ ಹೆಮ್‌ಲಾಕ್ ಅದೇ ಒದ್ದೆ ಜಾಗದಲ್ಲೇ ಬೆಳೆಯುತ್ತದೆ. ಅದರ ಬೇರು ಜೀವ ತೆಗೆಯುವ ವಿಷ. ಜೈಂಟ್ ಹಾಗ್‌ವೀಡ್ ರಸ ತಾಗಿ ಬಿಸಿಲು ಬಿದ್ದರೆ ಕೈ ಬೊಬ್ಬೆ ಏಳುತ್ತದೆ. ಫೋನಿನ ಆ್ಯಪ್ ತೋರಿಸಿದ ಹೆಸರನ್ನು ನಂಬಿ ಬಾಯಿಗೆ ಹಾಕುವ ವಿಷಯ ಇದಲ್ಲ.

ಯಾವ ರೂಪದಲ್ಲಿ

ಆಂಜೆಲಿಕಾ ಅಂತ ಗಟ್ಟಿ ಮಾಡಿಕೊಂಡಿರಿ ಅನ್ನೋಣ. ಒಣ ಬೇರಿನ ಚಹಾ ಅಗ್ಗ, ಅಳತೆ ಕೈಯಲ್ಲಿರುತ್ತದೆ, ತಪ್ಪಾದರೂ ದೊಡ್ಡ ತಪ್ಪಾಗದು. ನಾನು ಯಾರಿಗಾದರೂ ಹೇಳುವುದಾದರೆ ಅದನ್ನೇ. ಟಿಂಕ್ಚರ್, ಅಂದರೆ ಬೇರಿನ ದ್ರವ ಸಾರ, ಅದೂ ಸರಿ, ಪ್ರಯಾಣದಲ್ಲಿ ಅನುಕೂಲ, ಆದರೆ ಅದರಲ್ಲಿ ಆಲ್ಕೋಹಾಲ್ ಇರುತ್ತದೆ ಅನ್ನುವುದು ನೆನಪಿರಲಿ. ಬೇರಿನ ಎಣ್ಣೆ ದುಬಾರಿ, ತೀರಾ ಗಾಢ, ಬಿಸಿಲಿನ ಕಾಟ ಅದರಲ್ಲೇ ಹೆಚ್ಚು. ಅನುಭವಿಗಳಿಗೆ ಬಿಡಿ. ಮಕ್ಕಳ ಶೀತಕ್ಕೆ ಅಂತ ಜರ್ಮನಿಯಲ್ಲಿ ಮೂಗಿನ ಪಕ್ಕ ಹಚ್ಚುವ ಆಂಜೆಲಿಕಾ ಮುಲಾಮು ಸಿಗುತ್ತದೆ. ಹಚ್ಚುವುದಾದರೆ ರಾತ್ರಿ ಹಚ್ಚಿ, ಬೆಳಗ್ಗೆ ಒರೆಸಿ. ಫ್ರಾನ್ಸಿನ ನಿಯೋರ್ ಊರಿನ ಹಸಿರು ಆಂಜೆಲಿಕಾ ಮಿಠಾಯಿ ಬಲು ಚೆಂದ, ಕೇಕಿನ ಮೇಲೆ ಇಡುತ್ತಾರೆ. ಅದು ದಂಟಿನದು, ಮದ್ದಲ್ಲ, ಸಕ್ಕರೆ. ಆಂಜೆಲಿಕಾ ಸೇರಿಸಿ ಮಾಡುವ ಬೆನೆಡಿಕ್ಟಿನ್ ಲಿಕ್ಕರನ್ನು "ಜೀರ್ಣಕ್ಕೆ" ಅಂತ ಕುಡಿಯುವವರ ಜೊತೆ ನಾನು ವಾದ ಮಾಡುವುದಿಲ್ಲ.

ಕರ್ನಾಟಕದಲ್ಲೇ ಇರುವವರು ಇದನ್ನು ತರಿಸಿಕೊಳ್ಳಬೇಕಾ? ಬರೀ ಗ್ಯಾಸು, ಉಬ್ಬರ ಅಂದರೆ ಬೇಕಿಲ್ಲ. ಓಮ, ಜೀರಿಗೆ, ಸೋಂಪು, ಕೊತ್ತಂಬರಿ ಎಲ್ಲ ಆಂಜೆಲಿಕಾದ ಕುಟುಂಬದವೇ, ಮಾಡುವ ಕೆಲಸವೂ ಅದೇ ಜಾತಿಯದ್ದು. ಶುಂಠಿ ಬೇರೆ ಕುಟುಂಬದ್ದಾದರೂ ಹೊಟ್ಟೆ ತೊಳಸುವಿಕೆಗೆ ಅದರ ಹಿಂದಿರುವ ಪುರಾವೆ ಈ ಐದೂ ಬೇರುಗಳಿಗಿಂತ ಗಟ್ಟಿ. ಓಮ, ಶುಂಠಿಯಲ್ಲಿ ಇಲ್ಲದ್ದು ಆಂಜೆಲಿಕಾದ ಕಹಿ. ಕಾಯಿಲೆಯಿಂದ ಎದ್ದ ಮೇಲೆ ಹಸಿವೇ ಇಲ್ಲ, ಊಟ ಕಂಡರೆ ಬೇಡ ಅನ್ನಿಸುತ್ತದೆ ಅನ್ನುವವರಿಗೆ ಆ ಕಹಿಯೇ ಕೆಲಸ ಮಾಡೀತು.

ಬಜೆಯ ಮಾತೂ ಇಲ್ಲೇ ಬರುತ್ತದೆ. ಅದೂ ಯುರೋಪಿನಲ್ಲಿ ಹೊಟ್ಟೆಯ ಬಿಸಿ ಬೇರು ಅಂತಲೇ ಹೆಸರಾಗಿದೆ. 16ನೇ ಶತಮಾನದಲ್ಲಿ ಪೂರ್ವದಿಂದ ಹೋದ ಗಿಡ, ವಿಯೆನ್ನಾದಲ್ಲಿ ಅದನ್ನು ನೆಟ್ಟು ಬೆಳೆಸಿದವನು ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್. ಆದರೆ ಅಲ್ಲಿನ ತಳಿಯಲ್ಲಿ ಬೀಟಾ ಅಸಾರೋನ್ ಎಂಬ ಹಾನಿಕಾರಕ ವಸ್ತು ಕಡಿಮೆ, ನಮ್ಮ ತಳಿಯಲ್ಲಿ ಬಹಳ ಜಾಸ್ತಿ. ಇಲಿಗಳ ಮೇಲಿನ ಪ್ರಯೋಗದಲ್ಲಿ ಕರುಳಿನ ಗಡ್ಡೆ ಕಂಡ ಕಾರಣಕ್ಕೆ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನೇ ನಿಷೇಧಿಸಿತು. ಜರ್ಮನ್ ಪುಸ್ತಕದಲ್ಲಿ ಬಜೆಗೆ ಕೊಟ್ಟ ಅಳತೆಯನ್ನು ನಮ್ಮ ಬಜೆಗೆ ಹಾಕಬೇಡಿ. ಹಸುಗೂಸಿಗೆ ತೇಯ್ದು ನೆಕ್ಕಿಸುವ ಮುಂಚೆ ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿ.

ಕೊಂಡ ಮೇಲೆ ಇಡುವ ವಿಷಯ. ಆಂಜೆಲಿಕಾ ಬೇರಿಗೆ ಹುಳು ಬಹಳ ಬೇಗ ಬೀಳುತ್ತದೆ. ಪುಡಿ ಬೇಡ, ಚೂರು ತೆಗೆದುಕೊಳ್ಳಿ. ಚೂರಿನಲ್ಲಿ ತೂತು ಕಂಡರೆ ಅಂಗಡಿಯಲ್ಲೇ ವಾಪಸ್ ಕೊಡಬಹುದು, ಪುಡಿಯಲ್ಲಿ ಏನೂ ಕಾಣುವುದಿಲ್ಲ. ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಡೆ ಇಡಿ. ಮಳೆಗಾಲದ ಮಲೆನಾಡಾದರೆ ಫ್ರಿಜ್ಜಿನಲ್ಲಿ ಇಡಿ. ಮುಚ್ಚಳ ತೆಗೆದಾಗ ಮೂಗಿಗೆ ಗಮ್ಮೆಂದು ಬರದಿದ್ದರೆ ಎಣ್ಣೆ ಹೋಗಿದೆ ಅಂತ ಅರ್ಥ. ಹೊಸದು ತನ್ನಿ.